ಹತ್ತಿಕಾಳಿನ ಗಿಡ್ಡ ನಾರು ಮತ್ತು ಬಂದೂಕಿನ ಮದ್ದು

ಅಮೆರಿಕದಲ್ಲಿ ಬಂದೂಕಿನ ತೋಟೆಗಳನ್ನು ಅಂಗಡಿಯಿಂದ ಸಿದ್ಧವಾಗಿ ತರದೆ ಮನೆಯಲ್ಲೇ ತುಂಬಿಕೊಳ್ಳುವ ರೂಢಿ ಬಹಳ ಹಿಂದಿನಿಂದ ಇದೆ. ಬೇಟೆಗಾರರು, ಗುರಿ ಹೊಡೆಯುವ ಸ್ಪರ್ಧೆಗಳಿಗೆ ಹೋಗುವವರು, ಹಳ್ಳಿಗಾಡಿನ ಒಕ್ಕಲುಗಳು ಹೀಗೆ ಮಾಡುತ್ತಾರೆ. 2020ರಿಂದ ಈಚೆಗೆ ಇವರಿಗೆ ಬೇಕಾದ ಹೊಗೆರಹಿತ ಮದ್ದು ಕೇಳಿದಾಗ ಸಿಗದಂತಾಯಿತು. ಸಿಕ್ಕಾಗ ಬೆಲೆ ಏರಿರುತ್ತಿತ್ತು. 2024ರಲ್ಲಂತೂ ಅಲಯಂಟ್ ಎಂಬ ಹಳೆಯ ಕಂಪನಿಯು ಇಂಥ ಗ್ರಾಹಕರಿಗೆ ಮಾರುವ ಮದ್ದಿನ ಸರಬರಾಜನ್ನು ತಾತ್ಕಾಲಿಕವಾಗಿ ನಿಲ್ಲಿಸಿತು.

ಎಲ್ಲಿಯೋ ಇರುವವರ ಬಂದೂಕಿನ ಮದ್ದಿನ ಸಂಗತಿಯನ್ನು ಕೃಷಿ ಪುಟದಲ್ಲಿ ಏಕೆ ಬರೆಯಬೇಕು ಎಂದು ಓದುಗರು ಕೇಳಬಹುದು. ಕಾರಣ ಸರಳವಾಗಿದೆ. ಆ ಮದ್ದಿನ ಮೂಲ ವಸ್ತು ಹತ್ತಿ. ಅದರಲ್ಲೂ ಜಿನ್ನಿಂಗ್ ಆದ ಮೇಲೆ ಹತ್ತಿಕಾಳಿಗೆ ಅಂಟಿಕೊಂಡು ಉಳಿಯುವ ಗಿಡ್ಡ ನಾರು. ನಮ್ಮ ರಾಯಚೂರು, ಯಾದಗಿರಿ, ಕಲಬುರಗಿ, ಹಾವೇರಿ, ಧಾರವಾಡ, ಮೈಸೂರು ಜಿಲ್ಲೆಗಳ ರೈತರು ಬೆಳೆಯುವ ಹತ್ತಿಯಲ್ಲೂ ಆ ನಾರು ಇದೆ. ಆದರೆ ಅದನ್ನು ನಾವು ಲೆಕ್ಕಕ್ಕೆ ಹಿಡಿದಿಲ್ಲ. ಹಿಡಿಯಬೇಕು ಎಂಬುದೇ ಈ ಲೇಖನದ ವಾದ. ಹೇಗೆ ಹಿಡಿಯಬೇಕು, ಎಷ್ಟರ ಮಟ್ಟಿಗೆ ಹಿಡಿಯಬೇಕು ಎಂಬುದಕ್ಕೆ ಆ ದೇಶದ ಮದ್ದಿನ ಕಥೆಯೇ ಪಾಠ ಹೇಳುತ್ತದೆ.

ತೋಟೆ ತುಂಬುವುದೆಂದರೇನು?

ಒಂದು ತೋಟೆಯಲ್ಲಿ ನಾಲ್ಕು ಭಾಗಗಳಿರುತ್ತವೆ. ಹಿತ್ತಾಳೆಯ ಚಿಪ್ಪು, ಅದರ ತಳದಲ್ಲಿ ಕಿಡಿ ಹಾರಿಸುವ ಕ್ಯಾಪು, ಒಳಗೆ ಮದ್ದು, ತುದಿಯಲ್ಲಿ ಗುಂಡು. ಹೊಡೆದಾಗ ಮದ್ದು ಉರಿದುಹೋಗುತ್ತದೆ, ಗುಂಡು ಹಾರಿಹೋಗುತ್ತದೆ. ದುಬಾರಿಯಾದ ಹಿತ್ತಾಳೆ ಚಿಪ್ಪು ಮಾತ್ರ ಉಳಿಯುತ್ತದೆ. ಅದನ್ನು ಮತ್ತೆ ಮತ್ತೆ ಬಳಸಬಹುದು. ಖರ್ಚು ಉಳಿಯುತ್ತದೆ, ತಮ್ಮ ಬಂದೂಕಿಗೆ ಒಪ್ಪುವಂತೆ ತೋಟೆ ಮಾಡಿಕೊಳ್ಳಬಹುದು ಎಂಬುದು ಅವರ ಲೆಕ್ಕ.

ಈ ಮದ್ದುಗಳಲ್ಲಿ ನೂರಾರು ಬಗೆ. ಒಂದು ಬೇಗ ಉರಿಯುತ್ತದೆ, ಇನ್ನೊಂದು ನಿಧಾನವಾಗಿ ಉರಿಯುತ್ತದೆ. ಪಿಸ್ತೂಲಿಗೆ ಆಗುವುದು ರೈಫಲ್ಲಿಗೆ ಆಗದು. ಒಂದರ ಬದಲು ಇನ್ನೊಂದನ್ನು ಹಾಕಿದರೆ ಬಂದೂಕೇ ಸಿಡಿದು ಕೈ, ಕಣ್ಣು ಹೋಗುವುದುಂಟು. ಆದಕಾರಣ ತಯಾರಕರು ಪ್ರತಿಯೊಂದಕ್ಕೂ ಸಂಖ್ಯೆ ಅಥವಾ ಹೆಸರು ಕೊಟ್ಟು, ಯಾವ ತೋಟೆಗೆ ಎಷ್ಟು ಎಂಬ ಪಟ್ಟಿ ಪ್ರಕಟಿಸುತ್ತಾರೆ. ತೋಟೆ ತುಂಬುವವನು ಒಂದು ಮದ್ದಿಗೆ ಒಗ್ಗಿಕೊಂಡರೆ ಅದನ್ನು ಸುಲಭವಾಗಿ ಬಿಡುವುದಿಲ್ಲ. ನಮ್ಮಲ್ಲಿ ಹೊಲಕ್ಕೆ ಒಗ್ಗಿದ ತಳಿಯ ಬೀಜವೇ ಬೇಕೆಂದು ರೈತ ಹಟ ಹಿಡಿಯುವುದಿಲ್ಲವೇ, ಹಾಗೆ. ಆ ಬೀಜ ಮಾರುಕಟ್ಟೆಯಿಂದ ಮಾಯವಾದಾಗ ನಮಗೆ ಆಗುವ ತೊಂದರೆಯೇ ಈಗ ಅವರಿಗೂ ಆಗಿದೆ.

ಕರಿಮದ್ದು ಹೋಗಿ ಹತ್ತಿಮದ್ದು ಬಂತು

ಹಿಂದೆ ಬಂದೂಕಿಗೆ ಇದ್ದದ್ದು ಕರಿಮದ್ದು ಒಂದೇ. ಪೆಟ್ಲುಪ್ಪು, ಇದ್ದಿಲು, ಗಂಧಕ ಸೇರಿದರೆ ಅದು ಆಗುತ್ತಿತ್ತು. ಹೊಡೆದ ಕೂಡಲೇ ದಟ್ಟ ಹೊಗೆ ಎದ್ದು ಎದುರಿಗೆ ಏನೂ ಕಾಣುತ್ತಿರಲಿಲ್ಲ. ನಳಿಗೆಯೊಳಗೆ ಮಸಿ ಕಟ್ಟುತ್ತಿತ್ತು.

1846ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ರಸಾಯನ ಶಾಸ್ತ್ರಜ್ಞ ಶೋನ್‌ಬೈನ್, ಹತ್ತಿಯನ್ನು ಆಮ್ಲಗಳಲ್ಲಿ ಸಂಸ್ಕರಿಸಿದರೆ ಅದು ಕರಿಮದ್ದಿಗಿಂತ ಬಲವಾಗಿ ಉರಿಯುತ್ತದೆಂದು ಲೋಕಕ್ಕೆ ತಿಳಿಸಿದರು. ನೋಡಲು ಸಾದಾ ಹತ್ತಿಯಂತೆಯೇ ಇರುವ ಈ ವಸ್ತುವಿಗೆ ಇಂದು ನೈಟ್ರೋಸೆಲ್ಯುಲೋಸ್ ಎನ್ನುತ್ತಾರೆ. ಆದರೆ ಅದನ್ನು ಪಳಗಿಸುವುದು ಸುಲಭವಾಗಲಿಲ್ಲ. ಮರುವರ್ಷವೇ, 1847ರಲ್ಲಿ, ಇಂಗ್ಲೆಂಡಿನ ಫ್ಯಾವರ್‌ಶ್ಯಾಮಿನಲ್ಲಿ ಅದರ ಕಾರ್ಖಾನೆ ಸ್ಫೋಟಿಸಿ ಅನೇಕರು ಸತ್ತರು. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಯ್ ಇದನ್ನು ನಿಯಮಿತವಾಗಿ ಉರಿಯುವ ಮದ್ದಾಗಿ ಮಾಡಿದ ಮೇಲೆಯೇ ಸೈನ್ಯಗಳು ಕರಿಮದ್ದನ್ನು ಬಿಟ್ಟವು. 1887ರಲ್ಲಿ ಆಲ್ಫ್ರೆಡ್ ನೊಬೆಲ್ ತಮ್ಮದೇ ಬಗೆಯೊಂದನ್ನು ತಂದರು. 1889ರಲ್ಲಿ ಬ್ರಿಟನ್ನಿನಲ್ಲಿ ಅಬೆಲ್ ಮತ್ತು ಡ್ಯೂವರ್ ಎಂಬುವರು ಕಾರ್ಡೈಟ್ ಎಂಬ ಮದ್ದನ್ನು ರೂಪಿಸಿದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನಮ್ಮ ನೆರೆಯ ನೀಲಗಿರಿಯ ಅರುವಂಕಾಡಿನಲ್ಲಿ ಬ್ರಿಟಿಷರು ಕಟ್ಟಿದ ಕಾರ್ಖಾನೆಗೆ ಕಾರ್ಡೈಟ್ ಫ್ಯಾಕ್ಟರಿ ಎಂಬ ಹೆಸರು ಬಂದದ್ದು ಹೀಗೆ. 2021ರ ಅಕ್ಟೋಬರ್ 1ರಿಂದ ಅದು ಕೇಂದ್ರ ಸರ್ಕಾರದ ಮ್ಯುನಿಷನ್ಸ್ ಇಂಡಿಯಾ ಲಿಮಿಟೆಡ್‌ಗೆ ಸೇರಿದೆ.

ಹೀಗೆ ಸುಮಾರು 140 ವರ್ಷಗಳಿಂದ ಲೋಕದ ಬಂದೂಕು, ಫಿರಂಗಿಗಳು ನಾರಿನ ಮೇಲೆ ನಿಂತಿವೆ. ಹೆಸರು ಯಾವುದೇ ಇರಲಿ, ಬಣ್ಣ ಯಾವುದೇ ಇರಲಿ, ಹೊಗೆರಹಿತ ಮದ್ದಿನ ಬುಡದಲ್ಲಿ ಇರುವುದು ನೈಟ್ರೋಸೆಲ್ಯುಲೋಸ್.

ಸೈನ್ಯದ ಉಳಿಕೆಯಿಂದ ಬೆಳೆದ ವ್ಯಾಪಾರ

ಅಮೆರಿಕದ ತೋಟೆ ತುಂಬುವವರಿಗೆ ಸುಗ್ಗಿಯ ಕಾಲ ಬಂದದ್ದು ಎರಡನೆಯ ಮಹಾಯುದ್ಧ ಮುಗಿದ ಮೇಲೆ. ಸೈನ್ಯದ ರೈಫಲ್ಲುಗಳಿಗಾಗಿ ತಯಾರಿಸಿದ 4895 ಸಂಖ್ಯೆಯ ಮದ್ದು ರಾಶಿರಾಶಿಯಾಗಿ ಉಳಿದಿತ್ತು. ಕ್ಯಾನ್ಸಸ್ ರಾಜ್ಯದ ಬ್ರೂಸ್ ಹಾಜ್ಡನ್ ಎಂಬುವರು ಅದನ್ನು ಅಗ್ಗದ ಬೆಲೆಗೆ ಸಗಟಾಗಿ ಕೊಂಡು, ಹುಲ್ಲುಗಾವಲೊಂದರಲ್ಲಿ ಹಳೆಯ ರೈಲು ಡಬ್ಬಿ ಇರಿಸಿ ಅದರಲ್ಲಿ ದಾಸ್ತಾನು ಮಾಡಿ, ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು ಮಾರತೊಡಗಿದರು. ಆ ಕುಟುಂಬದ ಕಂಪನಿ ಇಂದು ಈ ವ್ಯಾಪಾರದಲ್ಲಿ ದೊಡ್ಡ ಹೆಸರು. 20 ಮಿಲಿಮೀಟರ್ ಫಿರಂಗಿಗೆಂದು ಮಾಡಿದ 4831 ಎಂಬ ನಿಧಾನದ ಮದ್ದೂ ಹೀಗೆಯೇ ಬೇಟೆಗಾರರ ಕೈ ಸೇರಿತು.

ಸೈನ್ಯದ ಉಳಿಕೆ ಎಷ್ಟು ದಿನ ಬಂದೀತು? ಅದು ಮುಗಿದ ಮೇಲೆ ಅದೇ ಸಂಖ್ಯೆಗಳ ಮದ್ದನ್ನು ಹೊಸದಾಗಿ ಮಾಡಿಸಬೇಕಾಯಿತು. ಮೊದಲು ಸ್ಕಾಟ್ಲೆಂಡಿನಿಂದ, ಆಮೇಲೆ ಆಸ್ಟ್ರೇಲಿಯದ ಮುಲ್ವಾಲಾ ಕಾರ್ಖಾನೆಯಿಂದ ಅದು ಬಂತು. ಈ ಆಸ್ಟ್ರೇಲಿಯದ ಮದ್ದುಗಳಲ್ಲಿ ಒಂದು ಒಳ್ಳೆಯ ಗುಣವಿದೆ. ಹಳೆಯ ಮದ್ದುಗಳು ಬೇಸಿಗೆಯ ಬಿಸಿಯಲ್ಲಿ ಹೆಚ್ಚು ಒತ್ತಡ ಕೊಡುತ್ತಿದ್ದವು, ಚಳಿಯಲ್ಲಿ ಮಂದವಾಗುತ್ತಿದ್ದವು. ಹೊಸವು ಬಿಸಿ, ಚಳಿ ಎರಡರಲ್ಲೂ ಬಹುತೇಕ ಒಂದೇ ಸಮ ಉರಿಯುತ್ತವೆ. ಬದಲಾವಣೆಗಳೆಲ್ಲವೂ ಕೆಟ್ಟವೆಂದು ಹೇಳುವಂತಿಲ್ಲ.

ಆದರೆ ಇನ್ನೊಂದು ಬದಲಾವಣೆಯೂ ಆಯಿತು. ಹಾಜ್ಡನ್ ಕಂಪನಿ 2003ರಲ್ಲಿ ಐಎಂಆರ್ ಎಂಬ ಹಳೆಯ ಹೆಸರನ್ನು ಕೊಂಡಿತು. 2006ರಿಂದ ವಿಂಚೆಸ್ಟರ್ ಹೆಸರಿನ ಮದ್ದನ್ನೂ ಅದೇ ಮಾರುತ್ತಿದೆ. 2020ರಲ್ಲಿ ಆಕ್ಯುರೇಟ್, ರಾಮ್‌ಶಾಟ್ ಎಂಬ ಹೆಸರುಗಳೂ ಅದರ ಪಾಲಾದವು. ಅಂಗಡಿಯ ಕಪಾಟಿನಲ್ಲಿ ಡಬ್ಬಿಗಳು ಹತ್ತಾರು ಬಣ್ಣ. ಹಿಂದೆ ಇರುವ ಕಾರ್ಖಾನೆಗಳು ಬೆರಳೆಣಿಕೆ. ಫ್ಲಾರಿಡಾದಲ್ಲಿ ಒಂದು, ಕೆನಡಾದಲ್ಲಿ ಒಂದು, ಫಿನ್ಲೆಂಡಿನಲ್ಲಿ ಒಂದು, ಹೀಗೆ. ಅಲಯಂಟ್ ಮದ್ದುಗಳಲ್ಲಿ ಹಲವು ತಯಾರಾಗುವುದು ವರ್ಜೀನಿಯಾದ ರಾಡ್‌ಫರ್ಡಿನಲ್ಲಿರುವ ಸೈನ್ಯದ ಕಾರ್ಖಾನೆಯಲ್ಲಿ. ಕೀಟನಾಶಕದ ಅಂಗಡಿಯಲ್ಲಿ ಹತ್ತು ಹೆಸರಿನ ಬಾಟಲಿ ನೋಡಿ ಒಳಗಿನ ಔಷಧ ಒಂದೇ ಎಂದು ತಿಳಿದ ನಮ್ಮ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಸಾಲಿನ ಕೊನೆಯವನಿಗೆ ನೀರಿಲ್ಲ

ಇಂಥ ವ್ಯವಸ್ಥೆಯಲ್ಲಿ ಎಲ್ಲ ಸರಿಯಿದ್ದಾಗ ಎಲ್ಲರಿಗೂ ಸಿಗುತ್ತದೆ. ಕೊರತೆ ಬಂದಾಗ ಯಾರು ಮೊದಲು, ಯಾರು ಕೊನೆ ಎಂಬುದು ಗೊತ್ತಾಗುತ್ತದೆ. 2020ರಲ್ಲಿ ಕೊರೊನಾ ಕಾಲದ ಭಯದಿಂದ ಅಮೆರಿಕದಲ್ಲಿ ಬಂದೂಕು, ತೋಟೆಗಳ ಮಾರಾಟ ಒಮ್ಮೆಲೇ ಏರಿತು. ತೋಟೆಯ ಕಂಪನಿಗಳು ಮದ್ದನ್ನು ತಮ್ಮ ಸ್ವಂತ ಕೆಲಸಕ್ಕೆ ಎಳೆದುಕೊಂಡವು. 2022ರ ಫೆಬ್ರವರಿಯಲ್ಲಿ ರಷ್ಯಾ ಉಕ್ರೇನಿನ ಮೇಲೆ ನುಗ್ಗಿದ ಮೇಲೆ ಫಿರಂಗಿಯ ಗುಂಡಿಗೆ ಬೇಡಿಕೆ ಬಂತು. ಯುದ್ಧಕ್ಕೆ ಮೊದಲು ಅಮೆರಿಕ ತಿಂಗಳಿಗೆ ಸುಮಾರು 14,000 ದೊಡ್ಡ ಫಿರಂಗಿ ಗುಂಡುಗಳನ್ನು ತಯಾರಿಸುತ್ತಿತ್ತು. ಅದನ್ನು ತಿಂಗಳಿಗೆ 1 ಲಕ್ಷಕ್ಕೆ ಏರಿಸುವ ಗುರಿ ಹಾಕಿಕೊಂಡಿತು. 2023ರ ಮಾರ್ಚಿಯಲ್ಲಿ ಯುರೋಪಿನ ಒಕ್ಕೂಟ ಒಂದು ವರ್ಷದೊಳಗೆ 10 ಲಕ್ಷ ಗುಂಡುಗಳನ್ನು ಉಕ್ರೇನಿಗೆ ಕೊಡುವುದಾಗಿ ಹೇಳಿತು. ಹೇಳಿದ ಅವಧಿಯಲ್ಲಿ ಕೊಡಲು ಆಗಲಿಲ್ಲ.

ಒಂದು ಫಿರಂಗಿ ಗುಂಡನ್ನು ಹಾರಿಸಲು ಕಿಲೋಗಟ್ಟಲೆ ಮದ್ದು ಬೇಕು. ತೋಟೆ ತುಂಬುವವನು ಕೊಳ್ಳುವುದು ಒಂದು ಪೌಂಡಿನ ಡಬ್ಬಿ. ಎರಡಕ್ಕೂ ನೈಟ್ರೋಸೆಲ್ಯುಲೋಸ್ ಒಂದೇ. ಸರ್ಕಾರದ ಗುತ್ತಿಗೆ ಇದ್ದಾಗ ಡಬ್ಬಿಯವನನ್ನು ಕೇಳುವವರು ಯಾರು? 2023ರ ಕೊನೆಯಲ್ಲಿ ಆ ದೇಶದ ದೊಡ್ಡ ತೋಟೆ ಕಂಪನಿಯೊಂದು ಲೋಕದಲ್ಲೆಲ್ಲ ಮದ್ದಿನ ಕೊರತೆ ಇದೆಯೆಂದು ಕಾರಣ ಕೊಟ್ಟು, ಹೊಸ ವರ್ಷದಿಂದ ಬೆಲೆ ಏರಿಸುವುದಾಗಿ ವ್ಯಾಪಾರಿಗಳಿಗೆ ತಿಳಿಸಿತು. ಅಲಯಂಟ್ ಡಬ್ಬಿಗಳು ನಿಂತದ್ದು ಅದರ ಬೆನ್ನಿಗೇ. ನಾಲೆಯ ಕೊನೆ ಭಾಗದ ರೈತನ ಪಾಡು ಹೇಗೋ ಹಾಗೆ. ಮೇಲಿನವರ ಗದ್ದೆ ತುಂಬಿ ಮಿಕ್ಕಿದ್ದು ಅವನಿಗೆ. ಮಿಗದಿದ್ದರೆ ಇಲ್ಲ.

ಕೊರತೆಯ ಬುಡ ಹತ್ತಿಕಾಳಿನಲ್ಲಿ

ಈಗ ಹತ್ತಿಕಾಳಿಗೆ ಬರೋಣ. ಜಿನ್ನಿಂಗ್ ಯಂತ್ರ ಉದ್ದ ನಾರನ್ನು ಬಿಡಿಸಿಕೊಂಡ ಮೇಲೂ ಕಾಳಿನ ಮೈಮೇಲೆ ಕೆಲವೇ ಮಿಲಿಮೀಟರ್ ಉದ್ದದ ನಾರು ಉಳಿಯುತ್ತದೆ. ಗಿರಣಿಯವರ ಮಾತಿನಲ್ಲಿ ಇದು ಲಿಂಟರ್. ನೂಲಲು ಬಾರದು. ಆದರೆ ಶುದ್ಧಿಗೊಳಿಸಿದರೆ ಇದು ಬಹುತೇಕ ಪೂರ್ತಿ ಸೆಲ್ಯುಲೋಸ್. ಆದ್ದರಿಂದಲೇ ನೈಟ್ರೋಸೆಲ್ಯುಲೋಸ್ ಮಾಡುವವರಿಗೆ ಇದು ಒಳ್ಳೆಯ ಕಚ್ಚಾ ವಸ್ತು.

2024ರಲ್ಲಿ ಜರ್ಮನಿಯ ದೊಡ್ಡ ಶಸ್ತ್ರಾಸ್ತ್ರ ಕಂಪನಿ ರೈನ್‌ಮೆಟಾಲ್‌ನ ಮುಖ್ಯಸ್ಥರು, ಯುರೋಪು ತನ್ನ ಲಿಂಟರಿನ ಶೇಕಡ 70ಕ್ಕೂ ಹೆಚ್ಚು ಭಾಗವನ್ನು ಚೀನಾದಿಂದ ತರಿಸುತ್ತಿದೆ ಎಂದು ಬಹಿರಂಗವಾಗಿ ಹೇಳಿದರು. ಮರುವರ್ಷ, 2025ರಲ್ಲಿ, ಅದೇ ಕಂಪನಿ ಹಾಗೆಡಾರ್ನ್ ಎಂಬ ನೈಟ್ರೋಸೆಲ್ಯುಲೋಸ್ ಕಾರ್ಖಾನೆಯನ್ನು ಕೊಂಡಿತು. ಆ ಕಾರ್ಖಾನೆಯ ಮಾಲು ಅದುವರೆಗೆ ಮುಖ್ಯವಾಗಿ ಮುದ್ರಣದ ಶಾಯಿ, ಬಣ್ಣ, ವಾರ್ನಿಷುಗಳಿಗೆ ಹೋಗುತ್ತಿತ್ತು. ದೊಡ್ಡ ದೊಡ್ಡ ದೇಶಗಳು ಹತ್ತಿಕಾಳಿನ ಗಿಡ್ಡ ನಾರಿಗಾಗಿ ಹೀಗೆ ತವಕಿಸುತ್ತಿರುವಾಗ ನಾವು ಅದನ್ನು ಏನು ಮಾಡುತ್ತಿದ್ದೇವೆ?

ನಮ್ಮ ಎಣ್ಣೆ ಗಿರಣಿಗಳಲ್ಲಿ ಬಹುಪಾಲು ಹತ್ತಿಕಾಳನ್ನು ಇಡಿಯಾಗಿಯೇ ಅರೆಯುತ್ತವೆ. ನಾರು ಬಿಡಿಸುವುದಿಲ್ಲ, ಸಿಪ್ಪೆ ತೆಗೆಯುವುದಿಲ್ಲ. ನಾರೂ ಸಿಪ್ಪೆಯೂ ಎಣ್ಣೆಯನ್ನು ಹೀರಿಕೊಂಡು ಹಿಂಡಿಯಲ್ಲಿ ಉಳಿಸಿಕೊಳ್ಳುತ್ತವೆ. ಎಣ್ಣೆಯ ಇಳುವರಿ ತಗ್ಗುತ್ತದೆ, ಹಿಂಡಿಯಲ್ಲಿ ಪ್ರೋಟೀನಿನ ಪ್ರಮಾಣ ಕಡಿಮೆಯಾಗುತ್ತದೆ, ಲಿಂಟರು ದನದ ಹೊಟ್ಟೆಗೆ ಹೋಗುತ್ತದೆ. ಹೊರದೇಶದಿಂದ ಖಾದ್ಯ ತೈಲ ತರಿಸಿಕೊಳ್ಳುವ ದೇಶಕ್ಕೆ ಇದು ಮೂರು ಬಗೆಯ ನಷ್ಟ.

ಅಮೆರಿಕದ ಗಿರಣಿಗಳ ಲೆಕ್ಕದಲ್ಲಿ ಕಾಳಿನ ತೂಕದ ಶೇಕಡ 8ರಷ್ಟು ಲಿಂಟರ್ ಸಿಗುತ್ತದೆ. ನಮ್ಮಲ್ಲಿ ಒಂದು ಕ್ವಿಂಟಲ್ ಹತ್ತಿ ಜಿನ್ನಿಂಗ್ ಮಾಡಿದರೆ ಸರಿಸುಮಾರು ಮೂರನೆಯ ಒಂದು ಭಾಗ ಅರಳೆ, ಉಳಿದದ್ದರಲ್ಲಿ ಬಹುಪಾಲು ಕಾಳು. ಆ ಅಳತೆಯಲ್ಲೇ ಹೇಳುವುದಾದರೆ ಕ್ವಿಂಟಲ್ ಹತ್ತಿಗೆ ಸುಮಾರು 5 ಕಿಲೋ ಲಿಂಟರ್. ತಳಿಯಿಂದ ತಳಿಗೆ ಇದು ಹೆಚ್ಚು ಕಡಿಮೆ ಆಗುತ್ತದೆ. ಒಬ್ಬ ರೈತನಿಗೆ ಇದು ಅಲ್ಪವೆನಿಸಬಹುದು. ಒಂದು ತಾಲ್ಲೂಕಿನ ಹತ್ತಿಯನ್ನು ಕೂಡಿಸಿ ನೋಡಿದರೆ ಅಲ್ಪವಲ್ಲ.

ಯುದ್ಧದ ಬೆಲೆಯನ್ನು ನಂಬಿ ಮನೆ ಕಟ್ಟಬಾರದು

ಇಷ್ಟು ಓದಿದವರಿಗೆ, ಹಾಗಾದರೆ ಲಿಂಟರು ಚಿನ್ನವಾಗುತ್ತದೆ ಎನ್ನಿಸಬಹುದು. ಹಾಗೆ ಎಣಿಸಬಾರದು. ಹೊಗೆರಹಿತ ಮದ್ದಿನ ಚರಿತ್ರೆಯೇ ಅದಕ್ಕೆ ಅಡ್ಡಿ ಹೇಳುತ್ತದೆ. 1915ರ ಆಗಸ್ಟಿನಲ್ಲಿ ಬ್ರಿಟನ್ ಹತ್ತಿಯನ್ನು ನಿಷಿದ್ಧ ಸರಕೆಂದು ಸಾರಿ ಜರ್ಮನಿಗೆ ಹೋಗದಂತೆ ತಡೆಯಿತು. ಜರ್ಮನರು ಮರದ ತಿರುಳಿನಿಂದ ಮದ್ದು ಮಾಡಿಕೊಂಡರು. ಇಂದೂ ಮರದ ತಿರುಳಿನಿಂದ ನೈಟ್ರೋಸೆಲ್ಯುಲೋಸ್ ಮಾಡುವ ಕಾರ್ಖಾನೆಗಳಿವೆ. ಹತ್ತಿ ಬೆಲೆ ಮಿತಿ ಮೀರಿದರೆ ಕೊಳ್ಳುವವರು ಆ ಕಡೆ ತಿರುಗುತ್ತಾರೆ. 1945ರ ನಂತರ ಮದ್ದು ಹುಲ್ಲುಗಾವಲಿನ ರೈಲು ಡಬ್ಬಿಯಲ್ಲಿ ಬೀಳುವಷ್ಟು ಹೆಚ್ಚಾಗಿತ್ತು ಎಂಬುದನ್ನೂ ಮರೆಯಬಾರದು. ಯುದ್ಧ ನಿಂತ ದಿನ ಬೇಡಿಕೆಯೂ ನಿಲ್ಲುತ್ತದೆ. ನಿಲ್ಲಲಿ ಎಂದೇ ನಾವೆಲ್ಲ ಬಯಸಬೇಕು.

ಆದಕಾರಣ ನನ್ನ ಅಭಿಪ್ರಾಯ ಇಷ್ಟು. ಲಿಂಟರ್ ಬಿಡಿಸುವ ಯಂತ್ರವನ್ನು ಮದ್ದಿನ ಬೇಡಿಕೆ ನೋಡಿ ಹಾಕಬಾರದು. ಹೆಚ್ಚಿನ ಎಣ್ಣೆ, ಒಳ್ಳೆಯ ಹಿಂಡಿ, ಕಾಗದ ಮತ್ತು ಔಷಧಾಲಯಗಳ ಹತ್ತಿ, ಕೃತಕ ರೇಷ್ಮೆಯ ತಿರುಳು ಇವುಗಳ ವರ್ಷವಿಡೀ ಇರುವ ಬೇಡಿಕೆ ನೋಡಿ ಹಾಕಬೇಕು. ನಮ್ಮ ಜೇಬಿನ ನೋಟು ಕೂಡ ಹತ್ತಿ ನಾರಿನ ಕಾಗದವೇ. ಆ ಕಾಗದದ ಕಾರ್ಖಾನೆ ಮೈಸೂರಿನಲ್ಲೇ ಇದೆ. ಮದ್ದಿನ ಬೇಡಿಕೆ ಬಂದರೆ ಅದು ಮೇಲಿನ ಲಾಭ, ಬಾರದಿದ್ದರೆ ಗಿರಣಿ ಮುಳುಗಬಾರದು. ರೈತ ಬೆಳೆದದ್ದು ಪರರ ಜೀವ ತೆಗೆಯುವ ಕೆಲಸಕ್ಕೆ ಹೋಗುವುದೇ ಎಂದು ಮನಸ್ಸು ಅಳುಕುವವರಿಗೂ ಈ ದಾರಿ ಸಮಾಧಾನ ಕೊಡುತ್ತದೆ.

ಎರಡು ಆಕ್ಷೇಪಗಳು ಬರುತ್ತವೆ. ಎಣ್ಣೆ ಜಿಡ್ಡು ಉಳಿದ ಹಳೆಯ ಹಿಂಡಿಯೇ ಎಮ್ಮೆಗೆ ಒಳ್ಳೆಯದು, ಹಾಲಿನ ಜಿಡ್ಡು ಹೆಚ್ಚುತ್ತದೆ ಎಂದು ನಮ್ಮ ರೈತರು ನಂಬಿದ್ದಾರೆ. ಆದರೆ ಅದೇ ಹಿಂಡಿಯಲ್ಲಿ ನಾರು, ಸಿಪ್ಪೆಗಳಿಗೂ ನಾವು ಹಿಂಡಿಯ ಬೆಲೆ ಕೊಡುತ್ತಿದ್ದೇವೆ ಎಂಬುದನ್ನು ಯೋಚಿಸಬೇಕು. ಸಿಪ್ಪೆ ತೆಗೆದ ಹಿಂಡಿಯನ್ನು ಕಡಿಮೆ ತೂಕದಲ್ಲಿ ಹಾಕಿದರೂ ಪ್ರೋಟೀನು ಅಷ್ಟೇ ಸಿಗುತ್ತದೆ. ಯಂತ್ರಕ್ಕೆ ಬಂಡವಾಳ ಬೇಕು ಎಂಬುದು ಎರಡನೆಯದು. ಇದು ನಿಜ. ಒಬ್ಬೊಬ್ಬ ಸಣ್ಣ ಗಿರಣಿಯವನಿಂದ ಆಗುವ ಕೆಲಸ ಇದಲ್ಲ. ಆದರೆ ಹುಬ್ಬಳ್ಳಿ, ಗದಗ ಕಡೆ ಕಳೆದ ಶತಮಾನದ ಮೊದಲ ದಶಕಗಳಲ್ಲೇ ಹತ್ತಿ ಮಾರಾಟದ ಸಹಕಾರ ಸಂಘ ಕಟ್ಟಿದ ನಾಡು ಇದು. ಸಹಕಾರ ಸಂಘವಾಗಲಿ, ಈಗಿನ ರೈತ ಉತ್ಪಾದಕ ಸಂಸ್ಥೆಯಾಗಲಿ ಕಾಳನ್ನು ಒಟ್ಟುಗೂಡಿಸಿ ಮುಂದೆ ಬಂದರೆ, ಸರ್ಕಾರ ಸಾಲ ಮತ್ತು ಸಹಾಯಧನ ಕೊಡುವುದು ನ್ಯಾಯ. ಮುಂಬಯಿಯಲ್ಲಿರುವ ಕೇಂದ್ರ ಹತ್ತಿ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಿಂದ ತಾಂತ್ರಿಕ ಸಲಹೆ ಪಡೆಯಬಹುದು.

ಇದರಲ್ಲಿ ರೈತನ ಪಾಲಿನ ಕೆಲಸವೂ ಇದೆ. ಎಲೆಚೂರು, ಗೋಣಿದಾರ, ಪ್ಲಾಸ್ಟಿಕ್ ಎಳೆ ಸೇರಿದ ಹತ್ತಿಯಿಂದ ಬರುವ ಲಿಂಟರಿಗೆ ರಾಸಾಯನಿಕ ಕಾರ್ಖಾನೆಗಳಲ್ಲಿ ಬೆಲೆ ಇಲ್ಲ. ಇಬ್ಬನಿ ಆರಿದ ಮೇಲೆ ಬಿಡಿಸಿ, ಬಟ್ಟೆಯ ಚೀಲದಲ್ಲಿ ತುಂಬಿ, ಒಣ ಜಾಗದಲ್ಲಿ ಇಟ್ಟರೆ ಅರಳೆಗೂ ಒಳ್ಳೆಯದು, ಕಾಳಿಗೂ ಒಳ್ಳೆಯದು.

ಒಂದು ಎಚ್ಚರಿಕೆ

ಮದ್ದಿನ ಮಾತು ಬಂದುದರಿಂದ ಕೊಡಗು, ಮಲೆನಾಡಿನ ಓದುಗರಿಗೆ ಒಂದು ಮಾತು. ಬೆಳೆ ಕಾಯಲು ಇಟ್ಟುಕೊಂಡ ಹಳೆಯ ಮೂತಿ ತುಂಬುವ ಕೋವಿಗೆ ಹೊಗೆರಹಿತ ಮದ್ದನ್ನು ಎಂದೂ ಹಾಕಬಾರದು. ಆ ನಳಿಗೆ ಕರಿಮದ್ದಿನ ಒತ್ತಡಕ್ಕೆ ಮಾತ್ರ ಮಾಡಿದ್ದು. ಇದರ ಒತ್ತಡಕ್ಕೆ ಸಿಡಿದುಹೋಗುತ್ತದೆ. ತೋಟೆ ಒಡೆದು ಮದ್ದು ತೆಗೆದು ತುಂಬುವ ಸಾಹಸವಂತೂ ಬೇಡವೇ ಬೇಡ. ಅಮೆರಿಕದಲ್ಲಿ ಇರುವ ರೂಢಿ ನಮ್ಮಲ್ಲಿ ಇಲ್ಲ. ತೋಟೆ ತಯಾರಿಕೆಗೆ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಪರವಾನಗಿ ಬೇಕು.

ಈ ವರ್ಷ ಹತ್ತಿಯನ್ನು ಮಾರುಕಟ್ಟೆಗೆ ಒಯ್ಯುವಾಗ ಅರಳೆಯ ಬೆಲೆಯನ್ನು ಮಾತ್ರ ಕೇಳಿ ಬರಬೇಡಿ. ಕಾಳಿನ ಬೆಲೆ ಏನು, ಕಾಳು ಯಾವ ಗಿರಣಿಗೆ ಹೋಗುತ್ತದೆ, ಅಲ್ಲಿ ನಾರು ಬಿಡಿಸುತ್ತಾರೆಯೇ ಎಂದೂ ಕೇಳಿ. ನಿಮ್ಮ ಸಂಘದ ಸಭೆಯಲ್ಲಿ ಈ ವಿಷಯವನ್ನು ಎತ್ತಿ. ಸಾಲಿನ ಆ ತುದಿಯಲ್ಲಿ ಮದ್ದಿನ ಡಬ್ಬಿಗೆ ಕಾದು ನಿಂತವನಿಗೆ ತನ್ನ ಕೊರತೆಯ ಬುಡ ಎಲ್ಲಿದೆಯೆಂದು ಬೆಲೆ ಏರಿದ ಮೇಲೆ ಗೊತ್ತಾಯಿತು. ಈ ತುದಿಯಲ್ಲಿ ಹತ್ತಿ ಬೆಳೆಯುವ ನಮಗೆ ನಮ್ಮ ಕಾಳಿನ ಮೇಲೆ ಏನಿದೆ ಎಂಬುದು ಅದಕ್ಕೆ ಮೊದಲೇ ಗೊತ್ತಿರಬೇಕು.